ಹೆತ್ತವರ ಮುದ್ರೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸ)



ಕನ್ನಡ ಪಂಡಿತನಾದವನು ಇಂತಹ ವೇದಿಕೆಯಲ್ಲಿ ನಿಂತಾಗ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳ ಒಪ್ಪಿಗೆಯನ್ನು ಪಡೆದು, ವಿಜ್ಞಾನದ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಎರಡು ಕಾರಣಗಳುಂಟು. ಮನೆಮಾತಿನಲ್ಲಿ ಹೇಳಲಾಗದ ತಿಳಿವು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದಿಲ್ಲ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಹತ್ತಿರದ್ದು. ಹುಟ್ಟಿದ ಮಗುವಿನಲ್ಲಿ ಏನಾದರೊಂದು ಕೊರತೆ ಕಂಡುಬಂದಿತೆಂದರೆ "ಇದು ಯಾರ ಕಡೆಯಿಂದ ಬಂತು?" ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಮೊದಲು ಹುಟ್ಟುತ್ತದೆ. ಕೇಳುವವರ ಕಣ್ಣು ಬಹುಮಟ್ಟಿಗೆ ತಾಯಿಯ ಮೇಲೆಯೇ ಹೋಗಿ ನಿಲ್ಲುತ್ತದೆ. ಆ ಪ್ರಶ್ನೆಗೆ ಇಂದಿನ ಜೀವಶಾಸ್ತ್ರವು ಕೊಡುವ ಉತ್ತರವು ಬಹು ಸೂಕ್ಷ್ಮವಾದುದು. ಅದನ್ನು ಚೆನ್ನಾಗಿ ತಿಳಿದುಕೊಂಡವರು ಯಾವ ತಾಯಿಯನ್ನೂ, ಯಾವ ತಂದೆಯನ್ನೂ ನಿಂದಿಸಲಾರರು. ಆದುದರಿಂದಲೇ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆಯನ್ನು ಕೇಳದವರಿಲ್ಲ. "ಬೀಜದಂತೆ ವೃಕ್ಷ" ಎಂಬ ಮಾತೂ ನಮ್ಮಲ್ಲಿ ಹಳೆಯದೇ. ತಂದೆಯನ್ನು ಬೀಜಕ್ಕೂ ತಾಯಿಯನ್ನು ಕ್ಷೇತ್ರಕ್ಕೂ ಹೋಲಿಸಿ, ಎರಡರಲ್ಲಿ ಯಾವುದು ಹೆಚ್ಚು ಎಂಬ ಚರ್ಚೆಯು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬಂದಿದೆ. ಈ ಚರ್ಚೆಯನ್ನು ವಿಜ್ಞಾನವು ಬೇರೊಂದು ರೀತಿಯಲ್ಲಿ ಬಗೆಹರಿಸಿತು. ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿ ವರ್ಣತಂತುಗಳೆಂಬ ಎಳೆಗಳು 23 ಜೊತೆ ಇರುತ್ತವೆ. ಪ್ರತಿ ಜೊತೆಯಲ್ಲಿ ಒಂದೆಳೆ ತಂದೆಯದು, ಒಂದೆಳೆ ತಾಯಿಯದು. ಈ ಎಳೆಗಳಲ್ಲಿ ಡಿ.ಎನ್.ಎ. ಎಂಬ ವಸ್ತುವಿನ ರೂಪದಲ್ಲಿ ಒಂದು ಬರವಣಿಗೆಯಿದೆ. ಅದರ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರಗಳು. ಹೆತ್ತವರಲ್ಲಿ ಒಬ್ಬೊಬ್ಬರಿಂದಲೂ ಬರುವ ಪಾಲಿನಲ್ಲಿ ಅಂತಹ ಅಕ್ಷರಗಳು ಸುಮಾರು 300 ಕೋಟಿ. ಈ ಬರವಣಿಗೆಯಲ್ಲಿ ದೇಹದ ಒಂದೊಂದು ಸಾಮಗ್ರಿಯನ್ನು ತಯಾರಿಸಲು ಬೇಕಾದ ಒಂದೊಂದು ವಾಕ್ಯವನ್ನು ವಂಶವಾಹಿ ಅಥವಾ ಜೀನ್ ಎಂದು ಕರೆಯುತ್ತಾರೆ. ದೇಹಕ್ಕೆ ಬೇಕಾದ ಪ್ರೋಟೀನುಗಳ ವಿಧಾನವನ್ನು ಹೇಳುವ ಇಂತಹ ವಾಕ್ಯಗಳು ಸುಮಾರು 20,000 ಇವೆ. ಲಿಂಗವನ್ನು ನಿರ್ಧರಿಸುವ ಒಂದು ಜೊತೆಯನ್ನು ಬಿಟ್ಟರೆ, ಪ್ರತಿಯೊಂದು ವಾಕ್ಯವೂ ನಮ್ಮಲ್ಲಿ ಎರಡೆರಡು ಪ್ರತಿಗಳಲ್ಲಿ ಇರುತ್ತದೆ.

ಈ ಎರಡು ಪ್ರತಿಗಳು ಸಮಾನವೆಂದೇ ಬಹುಕಾಲ ನಂಬಲಾಗಿತ್ತು. ಗ್ರೆಗರ್ ಮೆಂಡೆಲ್ ಎಂಬ ಪಾದ್ರಿಯು ಬಟಾಣಿ ಗಿಡಗಳ ಮೇಲೆ ಮಾಡಿದ ಪ್ರಯೋಗಗಳನ್ನು 1866ರಲ್ಲಿ ಪ್ರಕಟಿಸಿದನು. ಒಂದು ಗುಣವು ತಂದೆಗಿಡದಿಂದ ಬಂದರೂ ತಾಯಿಗಿಡದಿಂದ ಬಂದರೂ ಫಲ ಒಂದೇ ಎಂದು ಅವನು ಕಂಡನು. ಬಹುಪಾಲು ವಂಶವಾಹಿಗಳ ಮಟ್ಟಿಗೆ ಈ ಮಾತು ಇಂದಿಗೂ ನಿಜ. ಆದರೆ ಪಶುಪಾಲಕರು ಅರಿತಿದ್ದ ಒಂದು ಸಂಗತಿ ಇದಕ್ಕೆ ಹೊಂದುತ್ತಿರಲಿಲ್ಲ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವುದು ಹೇಸರಗತ್ತೆ. ಗಂಡು ಕುದುರೆಗೂ ಹೆಣ್ಣು ಕತ್ತೆಗೂ ಹುಟ್ಟುವ ಪ್ರಾಣಿಯೇ ಬೇರೆ. ಅದು ಸಾಮಾನ್ಯವಾಗಿ ಹೇಸರಗತ್ತೆಗಿಂತ ಚಿಕ್ಕದು. ಎರಡಕ್ಕೂ ಅರ್ಧ ಕುದುರೆಯ, ಅರ್ಧ ಕತ್ತೆಯ ಬರವಣಿಗೆಯೇ ಬಂದಿದ್ದರೂ ರೂಪ ಬೇರೆ. ಕುದುರೆಯ ಗರ್ಭವು ದೊಡ್ಡದು, ಕತ್ತೆಯದು ಚಿಕ್ಕದು, ಅದರಿಂದ ಹೀಗಾಯಿತೆಂದು ಹೇಳಬಹುದು. ಹಾಗಾದರೆ ಸಿಂಹ ತಂದೆಯೂ ಹುಲಿ ತಾಯಿಯೂ ಆದಾಗ ಹುಟ್ಟುವ ಮರಿಯು ಇಬ್ಬರನ್ನೂ ಮೀರಿ ಬೆಳೆಯುವುದೇಕೆ? ಹುಲಿ ತಂದೆಯೂ ಸಿಂಹಿಣಿ ತಾಯಿಯೂ ಆದಾಗ ಅಷ್ಟು ದೊಡ್ಡದಾಗದಿರುವುದೇಕೆ? ಗರ್ಭದ ಅಳತೆಯೊಂದರಿಂದಲೇ ಇದಕ್ಕೆ ಸಮಾಧಾನ ದೊರೆಯಲಿಲ್ಲ.

ಖಚಿತವಾದ ಪ್ರಯೋಗ ನಡೆದುದು 1984ರಲ್ಲಿ. ಕೆನ್ಯಾ ದೇಶದಲ್ಲಿ ಜನಿಸಿದ ಅಜೀಂ ಸುರಾಣಿ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ, ಜೇಮ್ಸ್ ಮೆಕ್‌ಗ್ರಾತ್ ಮತ್ತು ಡಾವೊರ್ ಸೋಲ್ಟರ್ ಎಂಬವರು ಅಮೆರಿಕೆಯ ಫಿಲಡೆಲ್ಫಿಯದಲ್ಲಿ, ಬೇರೆಬೇರೆಯಾಗಿ ಒಂದೇ ನಿರ್ಣಯಕ್ಕೆ ಬಂದರು. ಇಲಿಯ ಅಂಡದೊಳಕ್ಕೆ ವೀರ್ಯಾಣು ಪ್ರವೇಶಿಸಿದ ಮೇಲೆ ತಂದೆಯ ಬೀಜಕೇಂದ್ರವೂ ತಾಯಿಯ ಬೀಜಕೇಂದ್ರವೂ ಕೆಲವು ಗಂಟೆಗಳ ಕಾಲ ಬೇರೆಬೇರೆಯಾಗಿಯೇ ಇರುತ್ತವೆ. ಆ ಹೊತ್ತಿನಲ್ಲಿ ಅತಿ ಸೂಕ್ಷ್ಮವಾದ ನಳಿಕೆಯಿಂದ ಒಂದನ್ನು ತೆಗೆದು, ಇನ್ನೊಂದು ಅಂಡದಿಂದ ತಂದುದನ್ನು ಇಟ್ಟರು. ಹೀಗೆ ಕೆಲವು ಪಿಂಡಗಳಲ್ಲಿ ಎರಡು ಪಾಲೂ ತಾಯಿಯ ಕಡೆಯವೇ ಆದುವು. ಕೆಲವು ಪಿಂಡಗಳಲ್ಲಿ ಎರಡೂ ತಂದೆಯ ಕಡೆಯವೇ ಆದುವು. ಅಕ್ಷರಗಳ ಲೆಕ್ಕದಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಒಂದೂ ಪೂರ್ಣಾವಧಿಯವರೆಗೆ ಬದುಕಲಿಲ್ಲ. ತಾಯಿಯ ಪಾಲು ಮಾತ್ರ ಇದ್ದಲ್ಲಿ ಪಿಂಡವು ಸ್ವಲ್ಪ ರೂಪುಗೊಂಡು, ಅದನ್ನು ಪೋಷಿಸುವ ಮಾಸು ಬೆಳೆಯದೆ ಹೋಯಿತು. ತಂದೆಯ ಪಾಲು ಮಾತ್ರ ಇದ್ದಲ್ಲಿ ಮಾಸಿನ ಭಾಗ ಬೆಳೆದು ಪಿಂಡವು ಸೊರಗಿತು. ಜೀವಕ್ಕೆ ಇಬ್ಬರೂ ಬೇಕು. ಒಬ್ಬರ ಕೆಲಸವನ್ನು ಮತ್ತೊಬ್ಬರು ಮಾಡಲಾರರು. ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂಬ ಹಳೆಯ ವಾದವು ಆ ದಿನ ಪ್ರಯೋಗಶಾಲೆಯಲ್ಲಿ ಮುಗಿಯಿತು.

ಅಕ್ಷರಗಳು ಒಂದೇ ಆಗಿರುವಾಗ ಈ ಭೇದವು ಎಲ್ಲಿಂದ ಬಂದಿತು? ಅಕ್ಷರಗಳ ಮೇಲೆ ಬಿದ್ದಿರುವ ಗುರುತುಗಳಿಂದ ಬಂದಿತು. ಡಿ.ಎನ್.ಎ.ಯ ನಾಲ್ಕು ಅಕ್ಷರಗಳಲ್ಲಿ ಸೈಟೊಸಿನ್ ಎಂಬುದು ಒಂದು. ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳು ಸೇರಿದ ಮಿಥೈಲ್ ಎಂಬ ಪುಟ್ಟ ಗುಂಪು ಅದರ ಮೇಲೆ ಅಂಟಿಕೊಳ್ಳಬಲ್ಲುದು. ವಂಶವಾಹಿಯ ಆರಂಭದ ಭಾಗದಲ್ಲಿ ಇಂತಹ ಗುರುತುಗಳು ದಟ್ಟವಾಗಿ ಬಿದ್ದರೆ, ಜೀವಕೋಶವು ಸಾಮಾನ್ಯವಾಗಿ ಆ ವಾಕ್ಯವನ್ನು ಓದದೆ ಬಿಟ್ಟುಬಿಡುತ್ತದೆ. ವಾಕ್ಯವು ಅಲ್ಲಿಯೇ ಇರುತ್ತದೆ, ಒಂದಕ್ಷರವೂ ಕೆಟ್ಟಿರುವುದಿಲ್ಲ, ಆದರೆ ಅದು ನುಡಿಯುವುದಿಲ್ಲ. ಅಕ್ಷರವನ್ನು ಬದಲಾಯಿಸದೆ ಅದರ ಓದನ್ನು ಬದಲಾಯಿಸುವ ಇಂತಹ ಗುರುತುಗಳ ವಿಚಾರಕ್ಕೆ ಇಂದು ಎಪಿಜೆನೆಟಿಕ್ಸ್ ಎಂದು ಹೆಸರು. ಈ ಹೆಸರನ್ನು ಸ್ವಲ್ಪ ಬೇರೆ ಅರ್ಥದಲ್ಲಿ 1942ರಲ್ಲಿ ಮೊದಲು ಬಳಕೆಗೆ ತಂದವರು ಕಾನ್ರಾಡ್ ವಾಡಿಂಗ್ಟನ್. 'ಎಪಿ' ಎಂದರೆ ಗ್ರೀಕ್ ಭಾಷೆಯಲ್ಲಿ 'ಮೇಲೆ' ಎಂದರ್ಥ. ತಂದೆಯಿಂದ ಇಲ್ಲವೆ ತಾಯಿಯಿಂದ ಬಂತೆಂಬುದನ್ನು ತೋರಿಸುವ ಗುರುತನ್ನು ನಾವು ಕನ್ನಡದಲ್ಲಿ 'ಮುದ್ರೆ' ಎಂದು ಕರೆದರೆ ಸಾಕು.

ನನ್ನ ವಿದ್ಯಾರ್ಥಿಗಳಿಗೆ ಇದನ್ನು ವ್ಯಾಕರಣದ ಮೂಲಕ ಹೇಳುವುದು ಸುಲಭ. ಲೋಪಸಂಧಿಯನ್ನು ನೆನಪಿಸಿಕೊಳ್ಳಿರಿ. 'ಊರು' ಎಂಬುದಕ್ಕೆ 'ಅಲ್ಲಿ' ಸೇರಿದಾಗ 'ಊರಲ್ಲಿ' ಎಂದಾಗುತ್ತದೆ. ಕೊನೆಯ ಉಕಾರವು ಅಲ್ಲಿ ಕೇಳಿಸುವುದಿಲ್ಲ. ಹಾಗೆಂದು 'ಊರು' ಎಂಬ ಶಬ್ದವು ತನ್ನ ಉಕಾರವನ್ನು ಶಾಶ್ವತವಾಗಿ ಕಳೆದುಕೊಂಡಿತೇ? ಇಲ್ಲ. ಬೇರೊಂದು ವಾಕ್ಯದಲ್ಲಿ 'ಊರು ದೂರ' ಎಂದಾಗ ಅದು ಮತ್ತೆ ಕೇಳಿಸುತ್ತದೆ. ಮುದ್ರೆ ಬಿದ್ದ ವಂಶವಾಹಿಯ ಸ್ಥಿತಿಯೂ ಇದೇ. ಈ ಜನ್ಮದಲ್ಲಿ, ಈ ದೇಹದಲ್ಲಿ ಅದಕ್ಕೆ ಲೋಪ. ಮುಂದಿನ ತಲೆಮಾರಿನಲ್ಲಿ ಅದು ಮತ್ತೆ ನುಡಿಯಬಹುದು.

ಮುದ್ರೆಗೊಳಗಾದ ವಂಶವಾಹಿಗಳು ಮಾನವರಲ್ಲಿ ಹೆಚ್ಚಿಲ್ಲ. ಇದುವರೆಗೆ ಗುರುತಿಸಿರುವುವು ಸುಮಾರು ನೂರು. ಅವುಗಳಲ್ಲಿ ಮೊದಲು ಪತ್ತೆಯಾದುವುಗಳಲ್ಲಿ ಒಂದು ಐ.ಜಿ.ಎಫ್. 2 ಎಂಬ ಬೆಳವಣಿಗೆಯ ವಂಶವಾಹಿ. ಇಲಿಗಳಲ್ಲಿ ಅದನ್ನು ಕೆಡಿಸಿ ನೋಡಿದ ಫಲವು 1991ರಲ್ಲಿ ಪ್ರಕಟವಾಯಿತು. ಕೆಟ್ಟ ಪ್ರತಿಯು ತಂದೆಯಿಂದ ಬಂದರೆ ಮರಿಯ ತೂಕವು ಸಾಮಾನ್ಯ ಮರಿಯ ಶೇಕಡಾ 60ರಷ್ಟೇ ಆಯಿತು. ಅದೇ ಕೆಟ್ಟ ಪ್ರತಿಯು ತಾಯಿಯಿಂದ ಬಂದರೆ ಮರಿಗೆ ಏನೂ ಆಗಲಿಲ್ಲ. ಏಕೆಂದರೆ ತಾಯಿಯ ಪ್ರತಿಯು ಮೊದಲೇ ಮೌನವಾಗಿತ್ತು. ಓದದ ವಾಕ್ಯದಲ್ಲಿ ತಪ್ಪಿದ್ದರೆ ಯಾರಿಗೆ ಬಾಧೆ? ಇಲಿಯಲ್ಲಿ ಇದಕ್ಕೆ ಎದುರಾಗಿ, ಬೆಳವಣಿಗೆಗೆ ಕಡಿವಾಣ ಹಾಕುವ ಮತ್ತೊಂದು ವಂಶವಾಹಿಯುಂಟು. ಅದರಲ್ಲಿ ಓದಾಗುವುದು ತಾಯಿಯ ಪ್ರತಿ. ತಂದೆಯ ಕಡೆಯದು ಬೆಳೆಸುತ್ತದೆ, ತಾಯಿಯ ಕಡೆಯದು ಮಿತಿಯಲ್ಲಿಡುತ್ತದೆ. ಗರ್ಭದಲ್ಲಿರುವ ಮರಿಯ ಬೆಳವಣಿಗೆಗೂ ತಾಯಿಯ ಶಕ್ತಿಯ ಉಳಿವಿಗೂ ನಡುವೆ ನಡೆಯುವ ತೂಗಾಟದಿಂದ ಈ ಏರ್ಪಾಡು ಹುಟ್ಟಿರಬೇಕೆಂದು ಡೇವಿಡ್ ಹೇಗ್ ಎಂಬ ವಿದ್ವಾಂಸರು ಊಹಿಸಿದ್ದಾರೆ. ಆ ಊಹೆಯನ್ನು ಹಲವರು ಒಪ್ಪುತ್ತಾರೆ.

2004ರಲ್ಲಿ ಜಪಾನಿನ ತೊಮೊಹಿರೊ ಕೋನೊ ಮತ್ತು ಅವರ ಸಂಗಡಿಗರು ಇದಕ್ಕೆ ಇನ್ನೊಂದು ಸಾಕ್ಷ್ಯವನ್ನು ಒದಗಿಸಿದರು. ಎರಡೂ ಪಾಲು ತಾಯಿಯ ಕಡೆಯವೇ ಆದ ಇಲಿಯ ಅಂಡಗಳಲ್ಲಿ, ಐ.ಜಿ.ಎಫ್. 2ನ್ನು ಆಳುವ ಮುದ್ರೆಯ ಭಾಗವು ತಂದೆಯ ರೀತಿಯಲ್ಲಿ ವರ್ತಿಸುವಂತೆ ಅವರು ಮಾಡಿದರು. ನೂರಾರು ಅಂಡಗಳಲ್ಲಿ ಒಂದೇ ಒಂದು ಬೆಳೆದು ದೊಡ್ಡದಾಯಿತು. ಬಿದಿರಿನೊಳಗೆ ದೊರೆತ ಹುಡುಗಿಯ ಜಪಾನಿ ಕಥೆಯಿಂದ 'ಕಾಗುಯ' ಎಂಬ ಹೆಸರನ್ನು ಅದಕ್ಕಿಟ್ಟರು. ತಂದೆಯಿಲ್ಲದ ಆ ಇಲಿಯು ಮುಂದೆ ಮರಿಗಳನ್ನೂ ಹಾಕಿತು. ಮುದ್ರೆಯೇ ಅಡ್ಡಿಯಾಗಿತ್ತೆಂಬುದು ಇದರಿಂದ ಸ್ಪಷ್ಟವಾಯಿತು.

ಈಗ ಮುಖ್ಯವಾದ ವಿಚಾರಕ್ಕೆ ಬರುತ್ತೇನೆ. ಈ ಮುದ್ರೆಯು ತಲೆತಲಾಂತರಕ್ಕೆ ಹಾಗೆಯೇ ಹರಿದು ಹೋಗುವುದಿಲ್ಲ. ದೇಹದ ಜೀವಕೋಶವು ಒಡೆದು ಎರಡಾಗುವಾಗಲೆಲ್ಲ ಮುದ್ರೆಯೂ ಹೊಸ ಎಳೆಗೆ ನಕಲಾಗುತ್ತದೆ. ಆದುದರಿಂದ ಆಯುಷ್ಯದುದ್ದಕ್ಕೂ ಅದು ಉಳಿಯುತ್ತದೆ. ಆದರೆ ಮುಂದಿನ ಪೀಳಿಗೆಗೆ ಹೋಗುವ ಬೀಜಕೋಶಗಳಲ್ಲಿ ಹಳೆಯ ಮುದ್ರೆಯೆಲ್ಲವೂ ಅಳಿಸಿಹೋಗಿ, ಆ ವ್ಯಕ್ತಿಯು ಗಂಡಾದರೆ ಗಂಡಿನ ಮುದ್ರೆಯೂ ಹೆಣ್ಣಾದರೆ ಹೆಣ್ಣಿನ ಮುದ್ರೆಯೂ ಹೊಸದಾಗಿ ಬೀಳುತ್ತದೆ. ಒಬ್ಬ ಗಂಡಸಿಗೆ ತನ್ನ ತಾಯಿಯಿಂದ ಬಂದ ಎಳೆಯೇ ಅವನ ಮಗುವಿಗೆ ಹೋಗಬಹುದು. ಅವನ ದೇಹದಲ್ಲಿ ಅದಕ್ಕೆ ತಾಯಿಯ ಮುದ್ರೆ. ಅವನ ಮಗುವಿನ ದೇಹದಲ್ಲಿ ಅದೇ ಎಳೆಗೆ ತಂದೆಯ ಮುದ್ರೆ. ಶಾಲೆಯ ಕಪ್ಪುಹಲಗೆಯನ್ನು ಪ್ರತಿ ಪಾಠದ ಮೊದಲು ಒರಸಿ ಹೊಸದಾಗಿ ಬರೆಯುವಂತೆ, ಪ್ರತಿ ಪೀಳಿಗೆಯಲ್ಲಿಯೂ ಈ ಬರೆಹ ಹೊಸದಾಗುತ್ತದೆ.

ಇದರ ಪರಿಣಾಮವನ್ನು ಎರಡು ಕಾಯಿಲೆಗಳಲ್ಲಿ ಕಾಣುತ್ತೇವೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರಾದ ಪ್ರಾಡರ್, ಲಾಬ್‌ಹಾರ್ಟ್, ವಿಲ್ಲಿ ಎಂಬ ಮೂವರು ಒಂದು ಕಾಯಿಲೆಯನ್ನು ವರ್ಣಿಸಿದರು. ಹುಟ್ಟಿದಾಗ ಮಗುವಿನ ಮೈಯಲ್ಲಿ ಬಿಗಿಯಿಲ್ಲ. ಹಾಲು ಕುಡಿಯಲೂ ಶಕ್ತಿಯಿಲ್ಲ. ಕೆಲವು ವರ್ಷಗಳಾದ ಮೇಲೆ ತಣಿಯದ ಹಸಿವು ತೊಡಗುತ್ತದೆ. ಎಷ್ಟು ತಿಂದರೂ ಸಾಕೆನಿಸುವುದಿಲ್ಲ. ಇದಕ್ಕೆ ಪ್ರಾಡರ್–ವಿಲ್ಲಿ ಲಕ್ಷಣಕೂಟವೆಂದು ಹೆಸರು. 1965ರಲ್ಲಿ ಹ್ಯಾರಿ ಏಂಜಲ್‌ಮನ್ ಎಂಬ ಇಂಗ್ಲಿಷ್ ಮಕ್ಕಳ ವೈದ್ಯರು ಬೇರೊಂದನ್ನು ವರ್ಣಿಸಿದರು. ಈ ಮಕ್ಕಳಿಗೆ ಮಾತು ಬಾರದು ಎನ್ನುವಷ್ಟು ಕಡಿಮೆ; ನಡಿಗೆ ತೊದಲುತ್ತದೆ; ಅಪಸ್ಮಾರ ಬರುವುದುಂಟು; ಮುಖದಲ್ಲಿ ಮಾತ್ರ ಸದಾ ನಗು. ಎರಡು ಕಾಯಿಲೆಗಳಿಗೂ ಸಾಮ್ಯವಿಲ್ಲ. ಆದರೂ ಎರಡರ ಮೂಲವೂ 15ನೆಯ ವರ್ಣತಂತುವಿನ ಒಂದೇ ಭಾಗದಲ್ಲಿದೆ ಎಂಬುದು 1980ರ ದಶಕದಲ್ಲಿ ತಿಳಿದುಬಂದಿತು. ತಂದೆಯಿಂದ ಬಂದ ಎಳೆಯಲ್ಲಿ ಆ ಭಾಗ ತುಂಡಾಗಿದ್ದರೆ ಮೊದಲನೆಯದು; ತಾಯಿಯಿಂದ ಬಂದ ಎಳೆಯಲ್ಲಿ ತುಂಡಾಗಿದ್ದರೆ ಎರಡನೆಯದು. ಇನ್ನೂ ಆಶ್ಚರ್ಯದ ಮಾತೆಂದರೆ, ಪ್ರಾಡರ್–ವಿಲ್ಲಿ ಮಕ್ಕಳಲ್ಲಿ ಸುಮಾರು ಕಾಲುಭಾಗದವರಲ್ಲಿ ಯಾವ ತುಂಡೂ ಕಳೆದಿರುವುದಿಲ್ಲ. 15ನೆಯ ಜೊತೆಯ ಎರಡು ಎಳೆಗಳೂ ತಾಯಿಯಿಂದಲೇ ಬಂದಿರುತ್ತವೆ. ಬರವಣಿಗೆ ಪೂರ್ಣವಾಗಿದ್ದರೂ ತಂದೆಯ ಮುದ್ರೆಯಿಲ್ಲದೆ ಮಗು ಕಾಯಿಲೆಗೆ ಒಳಗಾಗುತ್ತದೆ.

ಇವೆರಡೂ ವಿರಳವಾದ ಕಾಯಿಲೆಗಳು. ಒಂದೊಂದೂ ಸುಮಾರು 15,000 ಮಕ್ಕಳಲ್ಲಿ ಒಬ್ಬರಿಗೆ ಬರಬಹುದು. ಬಹುಪಾಲು ಪ್ರಸಂಗಗಳಲ್ಲಿ ಈ ತುಂಡಾಗುವಿಕೆಯು ಬೀಜಕೋಶಗಳು ರೂಪುಗೊಳ್ಳುವಾಗ ಹೊಸದಾಗಿ, ತಾನಾಗಿ ನಡೆದುದು. ತಾಯಿ ಉಂಡ ಊಟದಿಂದಾಗಲಿ, ನೋಡಿದ ಗ್ರಹಣದಿಂದಾಗಲಿ, ಪಟ್ಟ ಚಿಂತೆಯಿಂದಾಗಲಿ, ಯಾರದೋ ಶಾಪದಿಂದಾಗಲಿ ಆದುದಲ್ಲ. ಅಂತಹ ತಾಯಿತಂದೆಗಳ ಮುಂದಿನ ಮಗುವಿಗೆ ಇದು ಮರುಕಳಿಸುವ ಸಂಭವ ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಈ ಒಂದು ಸಂಗತಿಯನ್ನು ತಿಳಿಯದೆ ಎಷ್ಟು ಮನೆಗಳಲ್ಲಿ ಕಣ್ಣೀರು ಹರಿದಿರಬಹುದು!

ಕೆಲವು ಕುಟುಂಬಗಳಲ್ಲಿ ಮಾತ್ರ ಇದು ವಂಶದಲ್ಲಿ ಸಾಗುವುದುಂಟು. ಅದರ ರೀತಿಯನ್ನು ತಾಯಂದಿರು ಗಮನವಿಟ್ಟು ಕೇಳಬೇಕು. ಏಂಜಲ್‌ಮನ್ ಕಾಯಿಲೆಗೆ ಕಾರಣವಾದ ವಂಶವಾಹಿಯನ್ನು 1997ರಲ್ಲಿ ಗುರುತಿಸಿದರು. ಅದರ ಹೆಸರು ಯು.ಬಿ.ಇ. 3ಎ. ಮಿದುಳಿನ ನರಕೋಶಗಳಲ್ಲಿ ಅದರ ತಾಯಿಯ ಪ್ರತಿ ಮಾತ್ರ ಓದಾಗುತ್ತದೆ. ಒಬ್ಬ ಅಜ್ಜನಲ್ಲಿ ಆ ವಂಶವಾಹಿಯಲ್ಲಿ ಒಂದಕ್ಷರ ತಪ್ಪಾಗಿದೆಯೆಂದು ಭಾವಿಸೋಣ. ಅವನು ತನ್ನ ತಂದೆಯಿಂದ ಅದನ್ನು ಪಡೆದಿದ್ದರೆ ಆರೋಗ್ಯವಂತನಾಗಿಯೇ ಇರುತ್ತಾನೆ. ಅವನ ಮಗಳಿಗೆ ಅದು ಹೋದಾಗ ಅವಳಿಗೂ ತಂದೆಯ ಕಡೆಯಿಂದಲೇ ಬಂದುದಾದುದರಿಂದ ಅವಳೂ ಆರೋಗ್ಯವಾಗಿಯೇ ಇರುತ್ತಾಳೆ. ಆದರೆ ಅವಳು ತಾಯಿಯಾದಾಗ ಅದೇ ಪ್ರತಿಯ ಮೇಲೆ ತಾಯಿಯ ಮುದ್ರೆ ಬೀಳುತ್ತದೆ. ಅದು ಮಗುವಿಗೆ ಹೋಗುವ ಸಂಭವ ಎರಡರಲ್ಲಿ ಒಂದು. ಹೋದರೆ ಮಗುವಿಗೆ ಕಾಯಿಲೆ ತಪ್ಪದು. ಅವಳ ಅಣ್ಣನು ಅದೇ ಪ್ರತಿಯನ್ನು ಪಡೆದಿದ್ದರೂ ಅವನ ಮಕ್ಕಳು ಈ ಕಾಯಿಲೆಯಿಲ್ಲದೆ ಇರುತ್ತಾರೆ. ನೋಡುವವರು ಏನೆನ್ನುತ್ತಾರೆ? "ಅಣ್ಣನ ಮಕ್ಕಳೆಲ್ಲ ಚೆನ್ನಾಗಿದ್ದಾರೆ, ಇವಳ ಹೊಟ್ಟೆಯಲ್ಲಿಯೇ ದೋಷ" ಎನ್ನುತ್ತಾರೆ. ಆ ಒಂದಕ್ಷರವು ಬಂದುದು ಅವಳ ತಂದೆಯಿಂದ; ಅವನಿಗೆ ಬಂದುದು ಅವನ ತಂದೆಯಿಂದ; ಅವರಾರೂ ಅದನ್ನು ಅರಿಯರು. ಯಾರೂ ಮಾಡದ ತಪ್ಪಿಗೆ ಒಬ್ಬಳು ಶಿಕ್ಷೆ ಅನುಭವಿಸುವುದು ಯಾವ ನ್ಯಾಯ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಎಪಿಜೆನೆಟಿಕ್ಸಿನ ಹೆಸರಿನಲ್ಲಿ, ಪೂರ್ವಿಕರ ದುಃಖವೂ ಭಯವೂ ಪಾಪಪುಣ್ಯಗಳೂ ಮೊಮ್ಮಕ್ಕಳ ಮೈಯಲ್ಲಿ ಅಚ್ಚೊತ್ತಿರುತ್ತವೆಂದು ಹೇಳುವವರು ಹೆಚ್ಚುತ್ತಿದ್ದಾರೆ. ಮಾನವರ ಮಟ್ಟಿಗೆ ಇಂತಹ ಮಾತಿಗೆ ಗಟ್ಟಿಯಾದ ಆಧಾರವಿಲ್ಲ. ಅವರು ಬಹುವಾಗಿ ಎತ್ತಿ ಹೇಳುವ ಉದಾಹರಣೆ ಹಾಲೆಂಡಿನ ಕ್ಷಾಮ. ಎರಡನೆಯ ಮಹಾಯುದ್ಧದಲ್ಲಿ, 1944–45ರ ಚಳಿಗಾಲದಲ್ಲಿ, ಆ ದೇಶದ ಪಶ್ಚಿಮ ಭಾಗಕ್ಕೆ ಜರ್ಮನರು ಆಹಾರ ಸಾಗಣೆಯನ್ನು ತಡೆದರು. ಒಬ್ಬರಿಗೆ ಸಿಗುತ್ತಿದ್ದ ದಿನದ ಪಡಿಯು 1,000 ಕ್ಯಾಲೊರಿಗಿಂತಲೂ ಕೆಳಗಿಳಿಯಿತು. ಆ ದಿನಗಳಲ್ಲಿ ಗರ್ಭದಲ್ಲಿ ಅಂಕುರಿಸಿದವರನ್ನು ಸುಮಾರು ಅರುವತ್ತು ವರ್ಷಗಳ ಬಳಿಕ ಅವರ ಒಡಹುಟ್ಟಿದವರೊಡನೆ ಹೋಲಿಸಿ ನೋಡಿದಾಗ, ಐ.ಜಿ.ಎಫ್. 2ರ ಮೇಲಿನ ಮಿಥೈಲ್ ಗುರುತುಗಳು ಸ್ವಲ್ಪ ಕಡಿಮೆಯಿದ್ದುದು 2008ರಲ್ಲಿ ವರದಿಯಾಯಿತು. ಇದು ಹೆತ್ತವರ ಬೀಜದಿಂದ ಬಂದ ಮುದ್ರೆಯೆನ್ನುವುದಕ್ಕಿಂತ, ಅಂಕುರಿಸುತ್ತಿದ್ದ ಪಿಂಡವೇ ಹಸಿವನ್ನು ಉಂಡ ಗುರುತೆನ್ನುವುದು ಹೆಚ್ಚು ಸರಿ. ಆ ತಾಯಂದಿರು ಬೇಕೆಂದು ಉಪವಾಸವಿದ್ದವರಲ್ಲ. ಬಸುರಿಗೆ ಹೊಟ್ಟೆತುಂಬ ಅನ್ನ ದೊರೆಯುವಂತೆ ನೋಡಿಕೊಳ್ಳುವುದು ಮನೆಯ, ಊರಿನ, ಸರಕಾರದ ಹೊಣೆ. ಈ ಉದಾಹರಣೆಯಿಂದ ಕಲಿಯಬೇಕಾದ ಪಾಠ ಇದೇ.

ಹಾಗಾದರೆ ಇಂತಹ ಮಗುವೊಂದು ನಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹುಟ್ಟಿದರೆ ಮಾಡಬೇಕಾದುದೇನು? ಮೊದಲು, ಹರಕೆ ಹೊತ್ತು ಕಾಲ ಕಳೆಯದೆ ಮಕ್ಕಳ ವೈದ್ಯರಲ್ಲಿಗೆ ಒಯ್ಯಬೇಕು. 15ನೆಯ ವರ್ಣತಂತುವಿನ ಮಿಥೈಲ್ ಗುರುತುಗಳನ್ನು ರಕ್ತದಲ್ಲಿ ಪರೀಕ್ಷಿಸುವ ವಿಧಾನವಿದೆ. ವಂಶವಾಹಿ ತಜ್ಞರು, ಮುಂದಿನ ಮಗುವಿಗೆ ಭಯವುಂಟೋ ಇಲ್ಲವೋ ಎಂಬುದನ್ನೂ ಪರೀಕ್ಷೆಯ ಮೇಲೆ ವಿವರಿಸಿ ಹೇಳಬಲ್ಲರು. ಪ್ರಾಡರ್–ವಿಲ್ಲಿ ಮಗುವಿಗೆ ಬೆಳವಣಿಗೆಯ ಹಾರ್ಮೋನನ್ನು ಕೊಡುವ ಚಿಕಿತ್ಸೆಯಿದೆ. ಊಟವನ್ನು ಅಳತೆಯಿಂದ ಬಡಿಸಿ, ಉಳಿದುದಕ್ಕೆ ಬೀಗ ಹಾಕುವುದು ಕ್ರೌರ್ಯವಲ್ಲ, ಅದೇ ರಕ್ಷಣೆ. ಏಂಜಲ್‌ಮನ್ ಮಗುವಿನ ಅಪಸ್ಮಾರಕ್ಕೆ ಔಷಧಗಳುಂಟು; ಮಾತಿಗೆ ಬದಲಾಗಿ ಚಿತ್ರಗಳಿಂದಲೂ ಸನ್ನೆಗಳಿಂದಲೂ ಮನಸ್ಸನ್ನು ತಿಳಿಸಲು ಕಲಿಸಬಹುದು.

ಇದಕ್ಕೂ ಮಿಗಿಲಾದ ಒಂದು ಆಸೆ ಈಗ ಚಿಗುರುತ್ತಿದೆ. ಏಂಜಲ್‌ಮನ್ ಮಗುವಿನಲ್ಲಿ ತಾಯಿಯ ಪ್ರತಿಯು ಕೆಟ್ಟಿದ್ದರೂ ತಂದೆಯ ಪ್ರತಿಯು ಕೆಡದೆ, ಲೋಪವಾದ ಸ್ವರದಂತೆ ಮೌನವಾಗಿ ಉಳಿದಿರುತ್ತದೆ. ಅದನ್ನು ಮತ್ತೆ ನುಡಿಸಲು ಸಾಧ್ಯವೇ? ಇಲಿಯ ನರಕೋಶಗಳಲ್ಲಿ ಅದನ್ನು ಔಷಧದಿಂದ ಎಚ್ಚರಿಸಬಹುದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಅದೇ ದಾರಿಯಲ್ಲಿ, ಬೇರೆ ಬಗೆಯ ಔಷಧಗಳನ್ನು ಮಕ್ಕಳಿಗೆ ಕೊಟ್ಟು ಪರೀಕ್ಷಿಸುವ ಕೆಲಸವೂ ಹೊರದೇಶಗಳಲ್ಲಿ ಆರಂಭವಾಗಿದೆ.

ತಾಯಂದಿರೆ, ಮಹನೀಯರೆ, ನಮ್ಮ ಮೈಯೊಳಗೆ ಹೆತ್ತವರಿಬ್ಬರ ಮುದ್ರೆಯೂ ಉಂಟು. ಅದು ಯಾರು ಕೊಟ್ಟರೆಂಬುದನ್ನು ಹೇಳುತ್ತದೆ. ಯಾರು ತಪ್ಪಿತಸ್ಥರೆಂಬುದನ್ನು ಎಂದಿಗೂ ಹೇಳುವುದಿಲ್ಲ. ಮುಂದೆ ಯಾವುದಾದರೂ ತೊಟ್ಟಿಲಿನ ಬಳಿ "ಯಾರ ಕಡೆಯಿಂದ ಬಂತು?" ಎಂಬ ಮಾತು ಎದ್ದರೆ, ಅಲ್ಲಿರುವ ನೀವು "ಈಗ ಮಗುವಿಗೆ ಏನು ಬೇಕು?" ಎಂದು ಕೇಳಬೇಕೆಂದು ಬಿನ್ನವಿಸುತ್ತೇನೆ.